ಸಿಮೆಯಿಸ್ 147: ಹೈಡ್ರೋಜನ್ ಸಿಕ್ಕಿತು, ಆಕ್ಸಿಜನ್ ಸತಾಯಿಸುತ್ತಿದೆ

ಸಿಮೆಯಿಸ್ 147ರ ಫೋಟೋಗೆ ಎಚ್-ಆಲ್ಫಾ, ಅಂದರೆ ಹೈಡ್ರೋಜನ್ ಸೂಸುವ ಕೆಂಪು ಬೆಳಕು, ಹಿಡಿಯುವ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಬನಶಂಕರಿಯ ಟೆರೇಸಿನಿಂದಲೇ, ಕೆಳಗೆ ಬೀದಿದೀಪ ಉರಿಯುತ್ತಿರುವಾಗಲೇ.

ಸಿಮೆಯಿಸ್ 147 ಅಂದರೆ ಹತ್ತಾರು ಸಾವಿರ ವರ್ಷಗಳ ಹಿಂದೆ ಸಿಡಿದ ನಕ್ಷತ್ರದ ಅವಶೇಷ. ವೃಷಭದ ಕೊಂಬಿನ ತುದಿಯಲ್ಲಿರುವ ಅಗ್ನಿ ನಕ್ಷತ್ರದ ಹತ್ತಿರ ಇದೆ. ಅಗಲ ಸುಮಾರು 3 ಡಿಗ್ರಿ, ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಇರೋ ಚೂರು ಬೆಳಕು ಅಷ್ಟಗಲ ಹರಡಿಕೊಂಡಿರುವುದರಿಂದಲೇ ಇಷ್ಟು ಮಂಕು. ಇದಕ್ಕೆ ದೊಡ್ಡ ಟೆಲಿಸ್ಕೋಪ್ ಬೇಡ, 135 ಎಂಎಂ ಲೆನ್ಸೇ ಸರಿ.

ಐದು ನಿಮಿಷದ ಒಂದು ಫ್ರೇಮ್ ತೆರೆದು ನೋಡಿದರೆ ಏನೂ ಇಲ್ಲ. ನಕ್ಷತ್ರಗಳು, ಒಂದು ಸ್ಯಾಟಲೈಟ್ ಗೀರು, ಮೂಲೆಯಲ್ಲಿ ಬೆಂಗಳೂರಿನ ಬೆಳಕು, ಅಷ್ಟೇ. ಎಲ್ಲ ಫ್ರೇಮ್‌ಗಳನ್ನೂ ಒಂದರ ಮೇಲೊಂದು ಸೇರಿಸಿ (ಸ್ಟ್ಯಾಕ್ ಮಾಡಿ), ನಕ್ಷತ್ರಗಳನ್ನು ತೆಗೆದು, ಮಂಕು ಭಾಗ ಕಾಣುವಂತೆ ಸ್ಟ್ರೆಚ್ ಮಾಡಿದಾಗ ಒಂದು ಅಂಚಿನಲ್ಲಿ ಶಾವಿಗೆ ಚೆಲ್ಲಿದ ಹಾಗೆ ಎಳೆಗಳು ಕಂಡವು. ಚಿತ್ರದ ಗದ್ದಲ (ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ) ಅರ್ಧಕ್ಕೆ ಇಳಿಯಬೇಕಾದರೆ ಸಮಯ ನಾಲ್ಕು ಪಟ್ಟು ಕೊಡಬೇಕು, ಅದಕ್ಕೇ ಒಂದೇ ಜಾಗಕ್ಕೆ ಇಡೀ ಚಳಿಗಾಲ ಹೋಗುತ್ತಿದೆ.

ಇಲ್ಲಿನ ಇನ್ನೊಂದು ತಲೆನೋವು ಧ್ರುವ ನಕ್ಷತ್ರ. ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಮೌಂಟನ್ನು ಸಾಮಾನ್ಯವಾಗಿ ಅದನ್ನು ನೋಡಿಯೇ ಹೊಂದಿಸುವುದು. ನಮ್ಮೂರಲ್ಲಿ ಅದು 13 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ, ಉತ್ತರಕ್ಕೊಂದು ಅಪಾರ್ಟ್‌ಮೆಂಟ್ ಎದ್ದರೆ ಮುಗೀತು. ಹಾಗಾಗಿ ಆಕಾಶದ ಬೇರೆ ಕಡೆ ಮೂರು ಫೋಟೋ ತೆಗೆದು, ಸಾಫ್ಟ್‌ವೇರ್ ಲೆಕ್ಕ ಹಾಕಿ ಹೇಳಿದಂತೆ ಮೌಂಟ್ ತಿರುಗಿಸುತ್ತೇನೆ. ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಬಟ್ಟೆ ತೆಗೆಯೋಕೆ ಯಾರಾದರೂ ಮೇಲೆ ಬಂದರೆ ಗೈಡಿಂಗ್ ಗ್ರಾಫ್ (ಮೌಂಟ್ ನಕ್ಷತ್ರವನ್ನು ಎಷ್ಟು ಸರಿಯಾಗಿ ಹಿಂಬಾಲಿಸುತ್ತಿದೆ ಎಂದು ತೋರಿಸುವ ಗೆರೆ) ಎದ್ದು ಕುಣಿಯುತ್ತದೆ, ಅವರನ್ನು ಬರಬೇಡಿ ಅನ್ನೋಕಾಗುತ್ತಾ? ಒಂದು ಅನುಕೂಲವೂ ಇದೆ. ಈ ಅವಶೇಷ ಇಲ್ಲಿ ನೆತ್ತಿಯಿಂದ ಬರೀ 15 ಡಿಗ್ರಿ ಉತ್ತರಕ್ಕೆ ಹಾದುಹೋಗುತ್ತದೆ, ಧೂಳಿನ ಪದರ ಅಲ್ಲಿ ತೆಳು.

ಈಗ ಆಕ್ಸಿಜನ್ ವಿಷಯ. ಎಚ್-ಆಲ್ಫಾದ ಅಲೆಯುದ್ದ 656.3 ನ್ಯಾನೋಮೀಟರ್, ಗಾಢ ಕೆಂಪು. ಅದರ ಸುತ್ತ 3 ನ್ಯಾನೋಮೀಟರ್‌ನಷ್ಟು ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿದರೆ ಊರಿನ ಬೆಳಕು ಬಹುಪಾಲು ಹೊರಗೇ ಉಳಿಯುತ್ತದೆ. ಆಕ್ಸಿಜನ್ ಸೂಸುವ ಬೆಳಕು ಇರುವುದು 500.7ರಲ್ಲಿ, ನೀಲಿ-ಹಸಿರು. ಹಳೇ ಸೋಡಿಯಂ ದೀಪಗಳ ಬೆಳಕು ಹೆಚ್ಚಾಗಿ ಹಳದಿ-ಕಿತ್ತಳೆಯಲ್ಲೇ ಇರುತ್ತಿತ್ತು. ಬಿಳಿ ಎಲ್‌ಇಡಿ ಹಾಗಲ್ಲ, ಎಲ್ಲ ಬಣ್ಣದಲ್ಲೂ ಇದೆ. ಅಲೆ ಚಿಕ್ಕದಾದಷ್ಟೂ ಗಾಳಿಯಲ್ಲಿ ಜಾಸ್ತಿ ಚದುರುತ್ತದೆ ಬೇರೆ. ಚಂದ್ರ ಇದ್ದರಂತೂ ಆಕ್ಸಿಜನ್ ಫಿಲ್ಟರ್ ಮುಟ್ಟೋದೇ ದಂಡ. ನನ್ನ ಪ್ರಕಾರ ನಗರದೊಳಗೆ ಅವಶೇಷ ಹಿಡಿಯುವವರ ನಿಜವಾದ ಪರೀಕ್ಷೆ ಇದೇ, ಕೆಂಪು ಯಾರಿಗಾದರೂ ಸಿಗುತ್ತದೆ.

ಅಮಾವಾಸ್ಯೆ ಆಸುಪಾಸಿನ ರಾತ್ರಿಗಳೆಲ್ಲ ಇನ್ನು ಆಕ್ಸಿಜನ್‌ಗೇ ಮೀಸಲು. ಫೆಬ್ರವರಿ ಕಳೆದರೆ ವೃಷಭ ಬೇಗ ಪಶ್ಚಿಮಕ್ಕೆ ಜಾರುತ್ತದೆ. ಅಷ್ಟರೊಳಗೆ ಸಾಲದಿದ್ದರೆ ಎಚ್-ಆಲ್ಫಾ ಒಂದನ್ನೇ ಕಪ್ಪು-ಬಿಳುಪಿನಲ್ಲಿ ಹಾಕುತ್ತೇನೆ.