ಏನೂ ಮಾಡದೆ ಫೀಸು ತೆಗೆದುಕೊಂಡು ಹೋದ ಹುಡುಗ

ಈ ವಾರ ನಮ್ಮ ಮನೆಗೆ ಒಬ್ಬ ಹುಡುಗ ಬಂದಿದ್ದ. ಗೋಡೆ ತಟ್ಟಿ ನೋಡಿದ, ನೆಲ ಕುಟ್ಟಿ ಕೇಳಿದ, ಪೆನ್ಸಿಲ್‌ನಲ್ಲಿ ಗೋಡೆ ಮೇಲೆ ಒಂದಷ್ಟು ನಂಬರ್ ಬರೆದ. ಎರಡು ಸಾವಿರ ರೂಪಾಯಿ ಫೀಸು ತೆಗೆದುಕೊಂಡು ಹೊರಟ. ರಿಪೇರಿ ಅಂತ ಒಂದು ಚಮಚ ಸಿಮೆಂಟೂ ಮೆತ್ತಲಿಲ್ಲ. ನಮ್ಮ ಯಜಮಾನರ ಕೋಪ ಇನ್ನೂ ಇಳಿದಿಲ್ಲ.

ಕೋಲಾರದಲ್ಲಿ ಮನೆಗೆ ನೀರು ನುಗ್ಗಿತು ಅಂದರೆ ಮೊದಲು ಯಾರೂ ನಂಬುವುದಿಲ್ಲ. ನೀರಿಗಾಗಿ 1500 ಅಡಿ ಕೊರೆದ ಜನ ನಾವು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಟ್ಯಾಂಕರ್ ಬಂದ ದಿನವೇ ಹಬ್ಬ. ಆಮೇಲೆ 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸಿದರು. ಮೊದಲು ಲಕ್ಷ್ಮೀಸಾಗರ ಕೆರೆ, ಅಲ್ಲಿಂದ ಒಂದರ ಹಿಂದೆ ಒಂದು. ನೊರೆ ಬಂತು, ಜಗಳ ಆಯಿತು, ಕೋರ್ಟಿಗೂ ಹೋಯಿತು. ಆದರೂ ಕೆರೆಗಳು ತುಂಬಿದವು, ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು. ಅದಕ್ಕೆ ನಾನು ಯಾವತ್ತೂ ಕೈ ಮುಗಿಯುತ್ತೇನೆ. ಆದರೆ ಮೊದಲೇ ನೀರಿರುವ ಕೆರೆಗೆ ಜೋರು ಮಳೆ ಬಿದ್ದರೆ ಕೋಡಿ ಹೋಗಲು ಎಷ್ಟು ಹೊತ್ತು ಬೇಕು?

2021ರ ನವೆಂಬರಿನಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದಾಗ ನಾವೆಲ್ಲ ಒಳ್ಳೆ ಸೀರೆ ಉಟ್ಟು ಬಾಗಿನ ಬಿಡಲು ಹೋಗಿದ್ದೆವು. ಈ ಸಲ ಕೆರೆಯೇ ಬಾಗಿನ ತೆಗೆದುಕೊಳ್ಳಲು ಮನೆಗೆ ಬಂತು. ನಮ್ಮದು ಕಾಲುವೆ ಪಕ್ಕದ ಲೇಔಟ್. ಕೆರೆ ಒಣಗಿದ್ದ ಕಾಲದಲ್ಲಿ ಆದದ್ದು. ಸೈಟು ಮಾಡಿ ಮಾರಿದ ಮಹಾನುಭಾವರು ಈಗ ಬೆಂಗಳೂರಿನಲ್ಲಿ ಆರನೇ ಮಹಡಿಯಲ್ಲಿದ್ದಾರೆ.

ಮಂಡಿಯುದ್ದ ನೀರು, ಒಂದು ರಾತ್ರಿ. ಎತ್ತಿಟ್ಟಿದ್ದು, ಬಳಿದಿದ್ದು, ಸಂಪು ಖಾಲಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದು ಎಲ್ಲ ಬಿಡಿ, ನಿಮಗೇ ಗೊತ್ತಾಗುತ್ತದೆ. ತಲೆನೋವು ಶುರುವಾಗಿದ್ದು ಆಮೇಲೆ. ನಾದಿನಿ ಮಗಳ ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಅಂತ ಮೊದಲೇ ಮಾತಾಗಿತ್ತು. ಹಾಲ್ ನೋಡಿದರೆ ಕೆಳಗಿನ ಅರ್ಧ ಗೋಡೆ ಕಪ್ಪು, ಬಣ್ಣ ಉಬ್ಬಿ ಸಿಪ್ಪೆ ಸಿಪ್ಪೆ, ಮೂಲೆಯಲ್ಲಿ ಬೂಷ್ಟು, ಮನೆಯೆಲ್ಲ ಮುಗ್ಗಲು ವಾಸನೆ.

ಯಜಮಾನರು ಊರಿನ ಒಬ್ಬ ಕಂಟ್ರಾಕ್ಟರನ್ನು ಕರೆಸಿದರು. ಆತ ಬಾಗಿಲಲ್ಲೇ ನಿಂತು ಒಂದು ಸುತ್ತು ಕಣ್ಣು ಹಾಯಿಸಿ ಹೇಳಿದ:

"ನಾಲ್ಕು ದಿನದ ಕೆಲಸ ಸಾರ್. ಕೆರೆದು, ಡ್ಯಾಂಪ್ ಪ್ರೂಫ್ ಹೊಡೆದು, ಪುಟ್ಟಿ ಹಾಕಿ ಎರಡು ಕೋಟು ಎಮಲ್ಷನ್ ಕೊಟ್ಟುಬಿಡ್ತೀನಿ. ನೀರು ಬಂದಿತ್ತು ಅಂತ ಗೋಡೆಗೇ ಗೊತ್ತಾಗಬಾರದು."

ಒಂದು ಲಕ್ಷದ ನಲವತ್ತು ಸಾವಿರ. ಯಜಮಾನರ ಮುಖ ಅರಳಿತು. ನನಗೆ ಆ ಮನುಷ್ಯ ಯಾಕೋ ಹಿಡಿಸಲಿಲ್ಲ. ಕೈಯಿಂದ ಒಮ್ಮೆಯೂ ಗೋಡೆ ಮುಟ್ಟದೆ ರೇಟು ಹೇಳಿದ್ದು ಸರಿ ಕಾಣಲಿಲ್ಲ. ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನು ಬೆಂಗಳೂರಿನಿಂದ ಇಂಥದ್ದೇ ಕೆಲಸ ಮಾಡುವ ಕಂಪನಿಯ ಹುಡುಗನನ್ನು ಕಳಿಸಿದ. ಮಾಲೂರಿನವನೇ, ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ.

ಆ ಹುಡುಗ ಮೊದಲು ಕೆಳಗಿನ ಗೋಡೆ ನೋಡಲೇ ಇಲ್ಲ. ಸೀದಾ ಮಹಡಿ ಮೇಲೆ ಹೋಗಿ ಅಲ್ಲಿನ ಗೋಡೆಗೆ ತೇವ ಅಳೆಯುವ ಮೀಟರ್ ಹಿಡಿದ. "ಒಣಗಿರೋ ಗೋಡೆ ಎಷ್ಟು ತೋರಿಸುತ್ತೆ ಅಂತ ಮೊದಲು ಗೊತ್ತಿರಬೇಕಲ್ವಾ ಅಕ್ಕ" ಅಂದ. ಆಮೇಲೆ ಕೆಳಗೆ ಬಂದು ಪ್ರತಿ ಗೋಡೆಯಲ್ಲೂ ಕೆಳಗೆ, ಮಧ್ಯೆ, ಮೇಲೆ ಹಿಡಿದು, ಪಕ್ಕದಲ್ಲೇ ನಂಬರ್ ಮತ್ತು ತಾರೀಖು ಬರೆದ. ನೀರು ನಿಂತ ಗುರುತಿಗಿಂತ ಒಂದೂವರೆ ಅಡಿ ಮೇಲೂ ಗೋಡೆ ಹಸಿಯಾಗಿತ್ತು. ಇಟ್ಟಿಗೆ ನೀರನ್ನು ಮೇಲಕ್ಕೆ ಎಳೆಯುತ್ತದಂತೆ. ನಾಣ್ಯದಿಂದ ತಟ್ಟಿದ, ಕೆಲವು ಕಡೆ ಟೊಳ್ಳು ಸದ್ದು. ಅಲ್ಲಿ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ, ಕೆತ್ತಿ ತೆಗೆಯಲೇಬೇಕು ಅಂದ. ಪ್ಲೈವುಡ್ ಕಪಾಟನ್ನು ಸರಿಸಿದರೆ ಹಿಂದೆಲ್ಲ ಹಸಿರು ಬೂಷ್ಟು. ಒದ್ದೆ ಇದ್ದರೆ ಒಂದೆರಡು ದಿನದಲ್ಲೇ ಅದು ಶುರುವಾಗುತ್ತದಂತೆ. ಕೊನೆಗೆ ಮೇನ್ ಆಫ್ ಮಾಡಿಸಿ ಕೆಳಗಿನ ಪ್ಲಗ್ ಪಾಯಿಂಟ್ ಬಿಚ್ಚಿ ತೋರಿಸಿದ. ಒಳಗೆ ಕೆಸರು ಗಟ್ಟಿಯಾಗಿ ಕೂತಿತ್ತು. ಕಂಟ್ರಾಕ್ಟರ್ ಮಹಾಶಯ ಅದರ ಮೇಲೆ ಹೊಸ ಕವರ್ ಹಾಕಿಕೊಡುತ್ತೇನೆ ಅಂದಿದ್ದ.

"ಎಲೆಕ್ಟ್ರಿಷಿಯನ್‌ನ ಇವತ್ತೇ ಕರೆಸಿ. ಬಣ್ಣ ಈಗ ಬೇಡ. ಎಮಲ್ಷನ್ ಪ್ಲಾಸ್ಟಿಕ್ ಥರ, ಒಳಗಿನ ನೀರು ಹೊರಗೆ ಬರೋಕೆ ಬಿಡಲ್ಲ. ಉಪ್ಪು ಸಮೇತ ತಳ್ಳಿ ಮತ್ತೆ ಸಿಪ್ಪೆ ಎಬ್ಬಿಸುತ್ತೆ" ಅಂದ. ಮಳೆ ಇರುವಾಗ ಕಿಟಕಿ ಮುಚ್ಚಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಮೆಷಿನ್) ಹಾಕಬೇಕಂತೆ, ಬಿಸಿಲು ಬಂದಾಗ ಕಿಟಕಿ ತೆಗೆದು ಫ್ಯಾನ್. ಮೆಷಿನ್ ಬಾಡಿಗೆಗೆ ಸಿಗುತ್ತದೆ. ಆದರೂ ಕಾಂಕ್ರೀಟು ಒಂದು ಇಂಚು ಒಣಗಲು ಸುಮಾರು ಒಂದು ತಿಂಗಳು ಅನ್ನೋದು ಈ ಕೆಲಸದವರ ಲೆಕ್ಕ.

ನಮ್ಮ ಅತ್ತೆ ಅಷ್ಟು ಹೊತ್ತೂ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅವನು ಬ್ಯಾಗ್ ಎತ್ತಿಕೊಂಡಾಗ ಕೇಳಿದರು:

"ಏನ್ ನಾಯ್ನಾ, ಅಷ್ಟು ದೂರದಿಂದ ಬಂದು ಸುಮ್ನೆ ನೋಡ್ಕೊಂಡು ಹೋಗ್ತೀಯಾ? ಕೆಲಸ ಶುರು ಮಾಡಲ್ವಾ?"

"ಶುರು ಆಗಿದೆ ಅಜ್ಜಿ. ಗೋಡೆ ಒಣಗ್ತಾ ಇದೆ. ಈಗಿರೋದು ಅದರ ಕೆಲಸ, ನಮ್ದಲ್ಲ."

ಅತ್ತೆ ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಅವರನ್ನು ಸುಮ್ಮನಾಗಿಸಿದ ಇನ್ನೊಬ್ಬರನ್ನು ನಾನು ನೋಡಿಲ್ಲ. ಅವತ್ತಿಂದ ಆ ಮಾತೇ ಅವರಿಗೆ ಆಟ ಆಗಿದೆ. "ಅತ್ತೆ, ಸೊಪ್ಪು ಬಿಡಿಸಿಕೊಡ್ತೀರಾ?" ಅಂದರೆ "ಶುರು ಆಗಿದೆ, ಸೊಪ್ಪು ಒಣಗ್ತಾ ಇದೆ" ಅನ್ನುತ್ತಾರೆ. ಮಗ ಊಟಕ್ಕೆ ಕರೆದರೆ "ಈಗಿರೋದು ಅನ್ನದ ಕೆಲಸ, ನಮ್ದಲ್ಲ." ನಗು ತಡೆಯಲು ಆಗುವುದಿಲ್ಲ. ಆದರೆ ಒಬ್ಬಳೇ ಇದ್ದಾಗ ಆ ಮಾತು ಬೇರೆ ಥರ ಕೇಳಿಸುತ್ತದೆ. ಆ ಹುಡುಗ ಮನಸ್ಸು ಮಾಡಿದ್ದರೆ ಒಂದೂವರೆ ಲಕ್ಷದ ಬಿಲ್ಲು ಬರೆಯಬಹುದಿತ್ತು. ಯಜಮಾನರು ಅವತ್ತೇ ಅಡ್ವಾನ್ಸ್ ಕೊಡುತ್ತಿದ್ದರು.

"ಬೇಡ ಅನ್ನೋಕೆ ಎರಡು ಸಾವಿರಾನಾ?" ಇದು ಯಜಮಾನರ ಗೊಣಗಾಟ. ನಮ್ಮ ಮಾವ ತೋಟದಲ್ಲಿ ಬೋರ್ ಹಾಕಿಸುವಾಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರು ಬರುತ್ತಿದ್ದರು. ಒಂದರ ಹಿಂದೆ ಒಂದು ಬೋರ್ ಫೇಲ್ ಆಯಿತು. ಧೂಳು ಬಿಟ್ಟರೆ ಏನೂ ಬರಲಿಲ್ಲ. ಅವರ ಫೀಸಿಗೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಎಲೆ ಅಡಿಕೆ ಇಟ್ಟು, ಊಟ ಹಾಕಿ ಕಳಿಸಿದೆವು. "ಇಲ್ಲಿ ನೀರಿಲ್ಲ, ಕೊರೆಸಬೇಡಿ" ಅಂತ ಯಾರಾದರೂ ಹೇಳಿದ್ದರೆ ಟೀ ಕೂಡ ಕೊಡುತ್ತಿರಲಿಲ್ಲವೇನೋ.

ಮತ್ತೆ ಆ ಕಂಟ್ರಾಕ್ಟರ್ ಮಾತು. ಗೋಡೆಗೇ ಗೊತ್ತಾಗಬಾರದು! ನಿಶ್ಚಿತಾರ್ಥದ ಮಾತುಕತೆಯಲ್ಲೂ ಎರಡೂ ಕಡೆಯವರು ಇದನ್ನೇ ಮಾಡುತ್ತಿದ್ದಾರೆ ಅನ್ನಿಸಿತು. ಹುಡುಗನ ಸಂಬಳ ಒಂದಿಷ್ಟು ಜಾಸ್ತಿ ಹೇಳಿದ್ದಾರೆ, ನಮಗೆ ಗೊತ್ತು. ನಾದಿನಿ ಮನೆಯ ಸಾಲದ ವಿಷಯ ನಾವು ಎತ್ತಿಲ್ಲ, ಅವರಿಗೂ ಗೊತ್ತಿರಬಹುದು. ಎಲ್ಲರೂ ಪುಟ್ಟಿ ಹಿಡಿದುಕೊಂಡೇ ಕೂತಿದ್ದೇವೆ. ಇದನ್ನು ನಾದಿನಿಗೆ ಹೇಳಿದರೆ ನನಗೂ ಅವಳಿಗೂ ಮಾತು ನಿಲ್ಲುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಜಮಾನರು ಪೆನ್ಸಿಲ್ ನಂಬರುಗಳನ್ನಾದರೂ ಅಳಿಸೋಣ ಅಂದರು. ಬೇಡ ಅಂದೆ. ಆ ಹುಡುಗ ಮತ್ತೆ ಬಂದು ಅದೇ ಜಾಗದಲ್ಲಿ ಅಳೆಯಬೇಕಲ್ವಾ? ಹಾಗಾದರೆ ಛತ್ರ ನೋಡೋಣ ಅಂತ ಅವರು ಹೊರಟಿದ್ದರು. ಅಷ್ಟರಲ್ಲಿ ಅತ್ತೆ ಫೋನ್ ತೆಗೆದುಕೊಂಡು ಗಂಡಿನ ತಾಯಿಗೇ ಮಾಡಿಬಿಟ್ಟರು.

"ಮನೆಗೆ ಕೆರೆ ನೀರು ಬಂದಿತ್ತಮ್ಮ. ಗೋಡೆ ಇನ್ನೂ ಹಸಿ ಇದೆ. ಬಣ್ಣ ಹೊಡೆಸಿಲ್ಲ, ಮದುವೆ ಹೊತ್ತಿಗೆ ನೋಡೋಣ. ನೀವು ಎಲ್ಲರೂ ಬನ್ನಿ, ಊಟ ಚೆನ್ನಾಗಿ ಮಾಡಿಸ್ತೀವಿ. ರೇಷ್ಮೆ ಸೀರೆ ಉಟ್ಕೊಂಡು ಗೋಡೆಗೆ ಮಾತ್ರ ಒರಗಬೇಡಿ."