ಮುಖ ಆಮೇಲೆ, ಮೊದಲು ಕೈ

ಶನಿವಾರ ಬೆಳಿಗ್ಗೆ ಆರೂವರೆಗೆಲ್ಲ ನಾನು ಮೈಸೂರಿನ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿರುತ್ತೇನೆ. ಹೂ ಕೊಳ್ಳೋದಕ್ಕಲ್ಲ, ಚಿತ್ರ ಬರೆಯೋದಕ್ಕೆ. ಅಂಗೈಗಿಂತ ಸ್ವಲ್ಪ ದೊಡ್ಡದೊಂದು ಪುಸ್ತಕ, ಒಂದು ಇಂಕ್ ಪೆನ್ನು, ಒಂದು 4ಬಿ ಪೆನ್ಸಿಲ್. ಇಷ್ಟೇ ಸಾಮಾನು. ಪೆನ್ನಿನ ಇಂಕು ನೀರಿಗೆ ಕರಗುವಂಥದ್ದು. ಒದ್ದೆ ಬೆರಳನ್ನು ಗೆರೆ ಮೇಲೆ ಎಳೆದರೆ ಸಾಕು, ನೆರಳು ಬಂದುಬಿಡುತ್ತದೆ. ಹೂವಿನ ಸಾಲಿನಲ್ಲಿ ನೀರಿಗೇನೂ ಬರ ಇಲ್ಲ, ಬುಟ್ಟಿಗಳಿಂದ ತೊಟ್ಟಿಕ್ಕುತ್ತಲೇ ಇರುತ್ತದೆ.

ಶುರು ಮಾಡಿದಾಗ ನನಗಿದ್ದ ದೊಡ್ಡ ಕಷ್ಟ ಒಂದೇ. ಜನ ಅಲ್ಲಾಡುತ್ತಾರೆ. ಮೂಗು ಬರೆದು ಮುಗಿಸಿ ತಲೆ ಎತ್ತಿದರೆ ಅವರು ಆ ಕಡೆ ತಿರುಗಿರುತ್ತಾರೆ, ಇಲ್ಲಾ ಎದ್ದೇ ಹೋಗಿರುತ್ತಾರೆ. ಹಾಗಾಗಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಮನೆಗೆ ಬಂದು ಬರೆಯುತ್ತಿದ್ದೆ. ಚಿತ್ರ ಚೆನ್ನಾಗೇ ಬರುತ್ತಿತ್ತು, ಆದರೆ ಅದರೊಳಗೆ ಜನ ಇರುತ್ತಿರಲಿಲ್ಲ. ಫೋಟೊದಲ್ಲಿ ಎಲ್ಲವೂ ಒಂದೇ ತೂಕದಲ್ಲಿ ಇರುತ್ತದೆ ನೋಡಿ, ಹಿಂದಿನ ತಗಡೂ ಮುಂದಿನ ಕೈಯೂ. ಎದುರಿಗೆ ಕೂತು ನೋಡುವಾಗ ಹಾಗಲ್ಲ. ಕಣ್ಣು ತನಗೆ ಬೇಕಾದ್ದನ್ನೇ ಹುಡುಕಿಕೊಂಡು ಹೋಗುತ್ತದೆ.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಕೆಲಸ ಮಾಡುವವರು ಅಲ್ಲಾಡುತ್ತಾರೆ ನಿಜ, ಆದರೆ ಮತ್ತೆ ಅದೇ ಜಾಗಕ್ಕೆ ವಾಪಸ್ ಬರುತ್ತಾರೆ. ಹೂ ಕಟ್ಟುವವರ ಬಲಗೈ ಬುಟ್ಟಿಗೆ ಹೋಗುತ್ತದೆ, ಮೊಗ್ಗು ಹಿಡಿಯುತ್ತದೆ, ಎಡಗೈ ಹತ್ತಿರ ಬರುತ್ತದೆ, ನಾರು ಸುತ್ತುತ್ತದೆ, ಮತ್ತೆ ಬುಟ್ಟಿಗೆ. ವೀಳ್ಯದೆಲೆ ಎಣಿಸುವವರದ್ದೂ ಅಷ್ಟೆ, ಬಾಳೆಹಣ್ಣಿನ ಚಿಪ್ಪು ಕತ್ತರಿಸುವವರದ್ದೂ ಅಷ್ಟೆ. ಆದ್ದರಿಂದ ಈಗ ಒಂದೇ ಹಾಳೆಯಲ್ಲಿ ಮೂರು ಚಿತ್ರ ಒಟ್ಟಿಗೆ ಶುರು ಮಾಡುತ್ತೇನೆ. ಕೈ ಬುಟ್ಟಿಯಲ್ಲಿರುವಾಗ ಮೊದಲನೆಯದಕ್ಕೆ ಎರಡು ಗೆರೆ, ಮೇಲೆ ಬಂದಾಗ ಎರಡನೆಯದಕ್ಕೆ, ನಾರು ಎಳೆಯುವಾಗ ಮೂರನೆಯದಕ್ಕೆ. ತಪ್ಪಿದರೆ ಸ್ವಲ್ಪ ಕಾದರೆ ಸಾಕು, ಕೈ ಅಲ್ಲಿಗೇ ಬಂದಿರುತ್ತದೆ. ಇದು ಗೊತ್ತಾದ ಮೇಲೆ ನನ್ನ ಗಡಿಬಿಡಿ ಹೋಯಿತು.

ಹೋದ ಬೇಸಿಗೆಯಲ್ಲಿ, ಮಲ್ಲಿಗೆ ಜಾಸ್ತಿ ಬರುವ ಸಮಯ, ಒಬ್ಬ ಅಜ್ಜಿಯ ಎದುರು ಕೂತಿದ್ದೆ. ಕೇಳಿಕೊಂಡೇ ಕೂತಿದ್ದೆ, ಕೇಳದೆ ನಾನು ಯಾರನ್ನೂ ಹತ್ತಿರದಿಂದ ಬರೆಯುವುದಿಲ್ಲ. ಅರ್ಧ ಗಂಟೆ ಆದ ಮೇಲೆ ಅವರೇ ಕೇಳಿದರು.

“ಏನವ್ವಾ, ತೋರ್ಸು ಮತ್ತೆ.”

ಪುಸ್ತಕ ತಿರುಗಿಸಿ ಹಿಡಿದೆ.

“ಬರೀ ಕೈನೇ ಬರ್ದಿದ್ದೀಯಲ್ಲವ್ವ. ಮುಖ ಎಲ್ಲಿ?”

“ಮುಖ ಆಮೇಲೆ ಅಜ್ಜಿ. ಮೊದಲು ಕೈ ಬರಲಿ ಅಂತ.”

ಅವರು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಆಮೇಲೆ ಹೇಳಿದರು, “ಗಂಟು ತಪ್ಪಾಗದೆ. ಹಿಂಗ್ ಹಾಕುದ್ರೆ ಎಲ್ಲಾ ಉದುರೋಯ್ತದೆ.”

ಹೇಳಿ ಸುಮ್ಮನಾಗಲಿಲ್ಲ. ಒದ್ದೆ ಬಟ್ಟೆಯೊಳಗಿಂದ ಬಾಳೆನಾರು ಎಳೆದು ನನಗೋಸ್ಕರ ನಿಧಾನವಾಗಿ ಕಟ್ಟಿ ತೋರಿಸಿದರು. ಎರಡು ಮೊಗ್ಗು ಆ ಕಡೆ ಮುಖ, ಎರಡು ಈ ಕಡೆ ಮುಖ, ತೊಟ್ಟುಗಳು ಒಂದರ ಮೇಲೊಂದು. ಎಡಗೈಯ ಹೆಬ್ಬೆರಳು ಆ ತೊಟ್ಟುಗಳನ್ನು ಒತ್ತಿ ಹಿಡಿದಿರುತ್ತದೆ. ನಾರು ಒಂದು ಸುತ್ತು ಬರುತ್ತದೆ. ಆಮೇಲೆ ಬಲಗೈ ಬೆರಳಿನ ಮೇಲೆ ನಾರನ್ನು ತಿರುಚಿ ಒಂದು ಕುಣಿಕೆ ಮಾಡಿ, ಅದನ್ನು ತೊಟ್ಟುಗಳ ಮೇಲೆ ಇಳಿಸಿ ಎಳೆಯುತ್ತಾರೆ. ಹೆಬ್ಬೆರಳು ಸರಿಯುವುದೂ ಗಂಟು ಬಿಗಿಯುವುದೂ ಒಂದೇ ಸಲ. ನಾನು ಆ ಕುಣಿಕೆಯನ್ನು ನೋಡಿಯೇ ಇರಲಿಲ್ಲ. ನಮ್ಮಮ್ಮನೂ ಹಬ್ಬದ ಹಿಂದಿನ ರಾತ್ರಿ ಹೂ ಕಟ್ಟುತ್ತಿದ್ದರು, ನಾನು ಪಕ್ಕದಲ್ಲೇ ಕೂತು ಮೊಗ್ಗು ಎತ್ತಿ ಕೊಡುತ್ತಿದ್ದೆ. ಮೂವತ್ತು ವರ್ಷ ನೋಡಿದ್ದೇನೆ ಅಂದುಕೊಂಡಿದ್ದು ನೋಡಿದ್ದೇ ಅಲ್ಲ.

ಆವತ್ತು ಹನ್ನೊಂದು ಕೈ ಬರೆದೆ. ಕೊನೆಯ ಎರಡರಲ್ಲಿ ಗಂಟು ಸರಿ ಇದೆ.

ಜನರನ್ನು ನಿಂತ ಹಾಗೆ ಬರೆಯಲು ಕೆ.ಆರ್. ಸರ್ಕಲ್ ಹತ್ತಿರದ ಸಿಟಿ ಬಸ್‌ಸ್ಟ್ಯಾಂಡ್‌ನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಚಾಮುಂಡಿ ಬೆಟ್ಟಕ್ಕೆ ಹೋಗುವ 201ನೇ ನಂಬರ್ ಬಸ್ಸಿಗೆ ಕಾಯುತ್ತಾ ನಿಂತವರನ್ನು ನೋಡಿ. ಯಾರೂ ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತಿರುವುದಿಲ್ಲ. ಭಾರ ಹಾಕಿದ ಕಾಲಿನ ಕಡೆ ಸೊಂಟ ಮೇಲೆ ಬರುತ್ತದೆ, ಅದೇ ಕಡೆ ಭುಜ ಕೆಳಗೆ ಇಳಿಯುತ್ತದೆ. ಈ ಎರಡು ಓರೆ ಗೆರೆ ಹಾಕಿಕೊಂಡರೆ ಮನುಷ್ಯ ಅರ್ಧ ಬಂದ ಹಾಗೆ. ಇನ್ನೊಂದು, ಗುಂಪು ಬರೆಯುವವರಿಗೆ ಬಹಳ ಉಪಯೋಗ ಆಗುವಂಥದ್ದು. ಸಮ ನೆಲದಲ್ಲಿ ನೀವೂ ನಿಂತುಕೊಂಡು ಬರೆಯುತ್ತಿದ್ದರೆ, ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ ಹತ್ತಿರ ಇದ್ದರೂ ದೂರ ಇದ್ದರೂ ಒಂದೇ ಗೆರೆಯಲ್ಲಿ ಬರುತ್ತವೆ. ಪಾದ ಮಾತ್ರ ಮೇಲೆ ಕೆಳಗೆ ಆಗುತ್ತದೆ, ದೂರದವರ ಪಾದ ಹಾಳೆಯಲ್ಲಿ ಮೇಲಕ್ಕೆ, ಹತ್ತಿರದವರದ್ದು ಕೆಳಕ್ಕೆ. ನಾನು ಮೊದಲು ದೂರದವರ ತಲೆಯನ್ನು ಕೆಳಗೆ ಹಾಕುತ್ತಿದ್ದೆ, ಎಲ್ಲರೂ ಹಳ್ಳದಲ್ಲಿ ಇಳಿದ ಹಾಗೆ ಕಾಣುತ್ತಿದ್ದರು.

ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಫೋಟೊ ಇದೆಯಲ್ಲ ಅಂತಾರೆ. ನನ್ನ ಹತ್ತಿರ ಒಂದೇ ಉತ್ತರ ಇದೆ. ಕಾಲೇಜಿನ ದಿನಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದಂಗಡಿಗಳಿಗೆ ಹೋಗುತ್ತಿದ್ದೆ. 2012ರ ಆಗಸ್ಟಿನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿಯಿತು. ಅಂಗಡಿಗಳು ಖಾಲಿಯಾದವು. ಕಂಬ, ಕಮಾನು ಹೇಗಿತ್ತು ಅಂತ ನೋಡಲು ಬೇಕಾದಷ್ಟು ಫೋಟೊ ಸಿಗುತ್ತವೆ. ಆದರೆ ನನಗೆ ಪುಸ್ತಕ ಕೊಡುತ್ತಿದ್ದ ಅಂಗಡಿಯವರು ಹೇಗೆ ಕೂರುತ್ತಿದ್ದರು, ಮೇಲಿನ ಸಾಲಿನ ಪುಸ್ತಕ ತೆಗೆಯುವಾಗ ಯಾವ ಕೈ ಎತ್ತುತ್ತಿದ್ದರು, ಅದು ಎಷ್ಟು ನೆನಪಿಸಿಕೊಂಡರೂ ಬರುವುದಿಲ್ಲ. ಬರೆದುಕೊಂಡಿದ್ದರೆ ಇರುತ್ತಿತ್ತು. 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿದಾಗ ಮತ್ತೆ ಅದೇ ಸಂಕಟ ಆಯಿತು. ಕಟ್ಟಡ ಉಳಿಸಬೇಕೋ ಕೆಡವಬೇಕೋ ಅಂತ ಊರೆಲ್ಲ ಮಾತಾಡುತ್ತಿತ್ತು, ನಾನು ಚಿತ್ರ ಬರೆಯುವ ಪುಸ್ತಕ ಕೊಂಡು ಒಳಗೆ ಹೋಗಿ ಕೂತೆ.

ಹೀಗೆ ಕಂಡದ್ದನ್ನು ನೋಡಿ ಬರೆಯುವುದು ನಮ್ಮ ಮೈಸೂರಿಗೆ ಹೊಸದೂ ಅಲ್ಲ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ 1921ರಲ್ಲಿ ಹುಟ್ಟಿದ್ದು ಇಲ್ಲೇ. ಚಿಕ್ಕಂದಿನಲ್ಲಿ ಮನೆಯ ನೆಲ, ಗೋಡೆ ಎಲ್ಲದರ ಮೇಲೂ ಬರೆಯುತ್ತಿದ್ದವರು. ಕಿಟಕಿಯಾಚೆ ಕಂಡದ್ದನ್ನೆಲ್ಲ ಬರೆದರು, ಕಾಗೆಯನ್ನಂತೂ ಜೀವನಪೂರ್ತಿ ಬಿಡಲಿಲ್ಲ. ಬಾಂಬೆಯ ಜೆ.ಜೆ. ಕಲಾ ಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ, ಅವರು ಇಲ್ಲೇ ಬಿ.ಎ. ಓದುತ್ತಾ ‘ಕೊರವಂಜಿ’ ಹಾಸ್ಯ ಪತ್ರಿಕೆಗೆ ಚಿತ್ರ ಬರೆದರು. ಆಮೇಲೆ ಅವರು ಬರೆದ ಚೌಕಳಿ ಕೋಟಿನ, ಪಂಚೆ ಉಟ್ಟ ಶ್ರೀಸಾಮಾನ್ಯ ಸುಮ್ನೆ ನಿಂತುಕೊಂಡೇ ಎಲ್ಲವನ್ನೂ ಹೇಳುತ್ತಾನಲ್ವಾ? ನಿಲ್ಲುವ ಭಂಗಿಯನ್ನು ಅಷ್ಟು ನೋಡಿದವರಿಗೇ ಅದು ಸಾಧ್ಯ ಅಂತ ನನಗನಿಸುತ್ತದೆ.

ಸ್ಥಳದಲ್ಲೇ ಕೂತು ಬರೆಯುವವರ ಗುಂಪುಗಳು ಈಗ ಎಷ್ಟೋ ಊರುಗಳಲ್ಲಿವೆ. ಸಿಯಾಟಲ್‌ನ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಅಂಥವರನ್ನು ಅಂತರ್ಜಾಲದಲ್ಲಿ ಒಂದುಗೂಡಿಸಲು ಶುರು ಮಾಡಿದರು. ಕಣ್ಣೆದುರು ಕಂಡದ್ದನ್ನು ಅಲ್ಲೇ ಬರೆಯಬೇಕು ಅನ್ನುವುದು ಅವರ ಮೊದಲ ನಿಯಮ. ನನಗೆ ಆ ನಿಯಮ ಅರ್ಥ ಆಗಿದ್ದು ಅಜ್ಜಿಯ ಗಂಟಿನಿಂದ. ಮನೆಯಲ್ಲಿ ಕೂತು ಬರೆದಿದ್ದರೆ ತಪ್ಪು ಅಂತ ಹೇಳಲು ಯಾರಿರುತ್ತಿದ್ದರು?

ಅಜ್ಜಿಯ ಮುಖ ಇನ್ನೂ ಬರೆದಿಲ್ಲ. ಹೋದ ವಾರ ಕೇಳಿದೆ, “ಕಣ್ಣಾಪರೇಶನ್ ಆಗ್ಲಿ, ಪಟ್ಟಿ ಬಿಚ್ಚುದ್ಮೇಲೆ ಬರಿ” ಅಂದರು. ಅಲ್ಲಿಯವರೆಗೆ ಪಕ್ಕದಲ್ಲಿ ಸೇವಂತಿಗೆ ಕಟ್ಟುವವರ ಹತ್ತಿರ ಕೂರಬೇಕು. ಆ ಹೂವಿನ ತಲೆ ಭಾರ, ಹೆಬ್ಬೆರಳು ಬೇರೆ ಥರ ಮಡಿಚಿಕೊಳ್ಳುತ್ತದೆ.