ಕೈ ಕಚ್ಚಿಕೊಳ್ಳುವ ಹುಡುಗ ಮತ್ತು ‘ಸಾಕು’ ಕಾರ್ಡು

ಬೆಳಿಗ್ಗೆ 10.45. ಕಾಪಿ ಪುಸ್ತಕ ಮೇಜಿಗೆ ಬಂದದ್ದೇ ತಡ, ಒಂಬತ್ತು ವರ್ಷದ ಹುಡುಗ ಬಲಗೈ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿದ. ಕಚ್ಚಿ ಕಚ್ಚಿ ಅಲ್ಲಿ ಚರ್ಮ ದಡ್ಡುಗಟ್ಟಿದೆ. ಮಿಸ್ ಪುಸ್ತಕ ಎತ್ತಿಟ್ಟರು, ಆಯಾ ಅವನನ್ನು ಜಗಲಿಗೆ ಕರೆದೊಯ್ದರು, ಕಚ್ಚುವುದು ನಿಂತಿತು. ಹೊರಗೆ ಕೂರಿಸಿದ್ದು ಶಿಕ್ಷೆ ಎಂಬುದು ದೊಡ್ಡವರ ಲೆಕ್ಕ. ಅವನ ಲೆಕ್ಕ ಬೇರೆ: ಕಚ್ಚಿದರೆ ಬರೆಯುವುದು ತಪ್ಪುತ್ತದೆ.

ಇದು ಗೊತ್ತಾಗಿದ್ದು ಐದು ದಿನ ತುಂಬಿದ ಎಬಿಸಿ ಹಾಳೆಯಿಂದ, ಅಂದರೆ ಮಗುವಿನ ವರ್ತನೆ ಬರೆದಿಡುವ ಹಾಳೆಯಿಂದ. ಮೂರೇ ಕಾಲಂ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ‘ಹಟ ಮಾಡಿದ’ ಎಂದು ಬರೆದರೆ ಆ ಸಾಲು ದಂಡ. ‘10.45, ನಕಲು ಬರೆಯಲು ಹೇಳಿದೆ. ಬಲಗೈ ಕಚ್ಚಿದ, 20 ಸೆಕೆಂಡು. ಪುಸ್ತಕ ತೆಗೆದೆ’, ಹೀಗಿರಬೇಕು. ಮೂರನೇ ಕಾಲಂ ಬರೆಯಲು ಎಲ್ಲರಿಗೂ ಮುಜುಗರ, ಏಕೆಂದರೆ ಅದರಲ್ಲಿ ಸಿಕ್ಕಿಬೀಳುವವರು ನಾವೇ. ಇಷ್ಟಕ್ಕೂ ಮೊದಲು ಹಲ್ಲುನೋವು, ಕಿವಿನೋವು, ಮಲಬದ್ಧತೆ, ನಿದ್ದೆ, ಫಿಟ್ಸ್ ಮಾತ್ರೆಯ ಬದಲಾವಣೆ ಇವುಗಳನ್ನು ಮನೆಯವರ ಹತ್ತಿರ ಕೇಳಿಕೊಂಡಿರಬೇಕು.

ಕಚ್ಚುವ ಬದಲು ಕಾರ್ಡು ಕೊಟ್ಟು ‘ಸಾಕು’ ಎನ್ನಲು ಕಲಿಸುವ ಯೋಜನೆ ಒಂದೇ ಪುಟ. ಅಂಗೈಯಗಲದ ಕಾರ್ಡು, ಅದರ ಮೇಲೆ ಎತ್ತಿದ ಕೈಯ ಚಿತ್ರ, ಕೆಳಗೆ ‘ಸಾಕು’. ಲ್ಯಾಮಿನೇಟ್ ಮಾಡಿ ವೆಲ್ಕ್ರೋದಿಂದ ಮೇಜಿಗೆ ಅಂಟಿಸುವುದು. ಕಲಿಸುವಾಗ ಇಬ್ಬರು ಬೇಕು. ಮಿಸ್ ಎದುರಿಗೆ, ಇನ್ನೊಬ್ಬರು ಹಿಂದೆ, ಮಾತಿಲ್ಲದೆ, ಅವನ ಕೈ ಹಿಡಿದು ಕಾರ್ಡು ಕೊಡಿಸುವವರು. ಕೈ ಬಾಯಿಗೆ ಹೋಗುವ ಮೊದಲೇ ಕೊಡಿಸಬೇಕು. ಕಚ್ಚಿದ ಮೇಲೆ ಕೊಡಿಸಿದರೆ ‘ಕಚ್ಚು, ಕಾರ್ಡು ಕೊಡು, ಎದ್ದು ಹೋಗು’ ಎಂಬ ಸರಪಳಿಯನ್ನೇ ಕಲಿಯುತ್ತಾನೆ. ಕಾರ್ಡು ಬಂದ ಕೂಡಲೇ ಪುಸ್ತಕ ಸರಿಸಿ ಎರಡು ನಿಮಿಷದ ಮರಳು ಗಡಿಯಾರ ತಿರುಗಿಸುವುದು. ಮರಳು ಮುಗಿದರೆ ಮತ್ತೆ ಅದೇ ಪುಸ್ತಕ, ಆದರೆ ಪುಟವಲ್ಲ, ಒಂದು ಅಕ್ಷರ. ಆಮೇಲೆ ಮೂರು, ಆಮೇಲೆ ಒಂದು ಸಾಲು. ಪೆನ್ಸಿಲ್ಲೂ ದಪ್ಪನೆಯದು, ಹಿಡಿಯಲಾಗದ್ದಕ್ಕೇ ಅರ್ಧ ಜಗಳ.

ಎರಡನೇ ದಿನವೇ ದೂರು: ‘ಬರೀ ಕಾರ್ಡೇ ಕೊಡ್ತಾನೆ ಮಿಸ್!’ ಕೊಡಲಿ. ಮೊದಲ ವಾರ ಎಷ್ಟು ಸಲ ಕೊಟ್ಟರೂ ಒಪ್ಪಬೇಕು. ಬೇಸತ್ತು ಕಾರ್ಡು ಬಚ್ಚಿಟ್ಟರೆ ಅವನಿಗೆ ಉಳಿಯುವುದು ಹಲ್ಲೊಂದೇ.

ಕಚ್ಚಿದರೆ ಜಗಲಿ ಇಲ್ಲ ಎಂದಾದಾಗ ಕೆಲವು ದಿನ ಕಚ್ಚುವುದು ಹೆಚ್ಚೇ ಆಗುತ್ತದೆ. ಮೊದಲು ನಡೆಯುತ್ತಿದ್ದ ಉಪಾಯ ನಡೆಯದಿದ್ದರೆ ಯಾರಾದರೂ ಇನ್ನಷ್ಟು ಜೋರಾಗಿಯೇ ಪ್ರಯತ್ನಿಸುತ್ತಾರೆ. ಹಾಗಂತ ನೋಡುತ್ತ ಕೂರುವಂತಿಲ್ಲ: ಬಾಯಿಗೂ ಕೈಗೂ ನಡುವೆ ಮೆತ್ತನೆಯ ದಿಂಬು ಹಿಡಿಯುವುದು, ಬೈಗುಳ ಬೇಡ, ಮುದ್ದೂ ಬೇಡ. ರಕ್ತ ಬರುತ್ತಿದ್ದರೆ ಶಾಲೆಯವರಷ್ಟೇ ನಿಭಾಯಿಸದೆ ಮನೋವೈದ್ಯರಿಗೆ ತೋರಿಸಬೇಕು. ಕೈ ಕಟ್ಟುವುದು, ಕೋಣೆಯಲ್ಲಿ ಕೂಡಿಹಾಕುವುದು ಯೋಜನೆಯ ಮಾತೇ ಅಲ್ಲ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಎಲ್ಲ ಸರಿಹೋಗುತ್ತಿದ್ದಾಗಲೇ ಆಯಾ ರಜೆ ಹಾಕಿದರು. ಬದಲಿಗೆ ಬಂದವರು, ‘ಪಾಪ, ಕೈ ಕಚ್ಕೋತಿದ್ದ’ ಎಂದು ಜಗಲಿಗೆ ಕರೆದೊಯ್ದು ಬಿಸ್ಕತ್ತೂ ಕೊಟ್ಟರು. ಒಂದೇ ಸಲ. ಕಚ್ಚುವುದು ಮರಳಲು ಅಷ್ಟು ಸಾಕು: ಯಾವಾಗಲೋ ಒಮ್ಮೆ ಬರುವ ಬಸ್ಸಿಗೂ ಜನ ಸ್ಟಾಪಿನಲ್ಲಿ ಕಾಯುತ್ತಾರಲ್ಲ. ಅದಕ್ಕೇ ಆ ಪುಟದ ಒಂದು ಪ್ರತಿ ಬಾಗಿಲ ಹಿಂದೆ ಅಂಟಿರಬೇಕು, ಕನ್ನಡದಲ್ಲಿ, ದಪ್ಪಕ್ಷರದಲ್ಲಿ.

ಕಾರ್ಡು ಎರಡು ಮೂರು ಮಾಡಿಟ್ಟುಕೊಳ್ಳಿ. ಒಂದು ಹೇಗೂ ಜೇಬಿನಲ್ಲಿ ಮನೆ ಸೇರುತ್ತದೆ. ಅವನು ಊಟದ ತಟ್ಟೆಯ ಮುಂದೆ ಅದನ್ನು ಹಿಡಿದರೆ ಇನ್ನೊಂದು ತುತ್ತು ತುರುಕಬೇಡಿ ಎಂದು ಅಜ್ಜಿಗೆ ಮೊದಲೇ ಹೇಳಿರಿ.